ಅತ್ತೆಯ ರೊಕ್ಕ, ಸೊಸೆಯ ಮಷೀನ್

ಪ್ರಶ್ನೆ: ನಾನು ಬ್ಯಾಡಗಿಯವಳು. ಸೀಜನ್‌ನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತೇನೆ. ನಮ್ಮತ್ತೆ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ, ಈಗ ಕಣ್ಣು ಮಂಜಾಗಿದೆ. ತಮ್ಮ ಗೃಹಲಕ್ಷ್ಮಿ ದುಡ್ಡು ಕೂಡಿಟ್ಟು, ‘ಮಷೀನ್ ತಗೋ, ಕೌದಿ ಮಾಡಿ ಮಾರು’ ಎಂದು ನನ್ನ ಕೈಗಿಟ್ಟಿದ್ದಾರೆ. ರಾಣೆಬೆನ್ನೂರಿನ ಅಂಗಡಿಯವರು ಹತ್ತಾರು ಡಿಸೈನ್ ಹಾಕುವ ಮಷೀನೇ ಬೇಕೆನ್ನುತ್ತಾರೆ. ಹಾವೇರಿಯ ನಾದಿನಿ ತುಳಿಯುವ ಮಷೀನ್ ಸಾಕು ಅನ್ನುತ್ತಾಳೆ. ಅತ್ತೆಯ ರೊಕ್ಕ ಹಾಳು ಮಾಡಿಬಿಟ್ಟರೆ ಎಂಬ ಚಿಂತೆಗೆ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ತಿಂಗಳಿಗೆ 2,000ದಂತೆ ಬಂದ ಹಣವನ್ನು ಹಿರಿಯ ಜೀವವೊಂದು ತನ್ನ ಔಷಧಿಗೂ ಮುರಿಯದೆ ಕೂಡಿಟ್ಟಿದ್ದರೆ, ಅದನ್ನು ಖರ್ಚು ಮಾಡುವಾಗ ಯಾರ ಕೈಯಾದರೂ ನಡುಗುತ್ತದೆ. ಕೂಲಿಯ ದುಡ್ಡಾಗಿದ್ದರೆ ನೀವು ಇಷ್ಟು ಅಳುಕುತ್ತಿರಲಿಲ್ಲ. ಇದು ದಡ್ಡತನವಲ್ಲ, ಅವರ ಮೇಲಿನ ಗೌರವ.

ಆದರೆ ಇನ್ನೊಂದು ಕಡೆಯಿಂದಲೂ ನೋಡಿ. ಅತ್ತೆ ಆ ಹಣವನ್ನು ಬ್ಯಾಂಕಿನಲ್ಲೇ ಬಿಡಬಹುದಿತ್ತು. ನಿಮಗೆ ಕೊಟ್ಟಿದ್ದಾರೆ, ಅದೂ ತಾವು ಬಲ್ಲ ಕೆಲಸಕ್ಕೇ. ಅವರು ನಿಮ್ಮನ್ನು ಪರೀಕ್ಷೆಗೆ ಕೂರಿಸಿಲ್ಲ, ಜೊತೆಗೆ ಕರೆದಿದ್ದಾರೆ. ಹಾಗಾಗಿ ಆಯ್ಕೆಯ ಭಾರವನ್ನು ಒಬ್ಬರೇ ಹೊರಬೇಡಿ. ಅಂಗಡಿಗೆ ಅವರನ್ನೂ ಕರೆದುಕೊಂಡು ಹೋಗಿ. ಕಣ್ಣು ಮಂಜಾದರೂ ಬಟ್ಟೆಯನ್ನು ಬೆರಳಲ್ಲಿ ಹಿಡಿದು ಹೊಲಿಗೆ ಬಿಗಿಯೋ ಸಡಿಲವೋ ಹೇಳಬಲ್ಲವರು ಅವರು.

ಈಗ ಮಷೀನಿನ ಮಾತು. ಕೌದಿಯಲ್ಲಿ ಎರಡು ಕೆಲಸ. ತುಂಡುಗಳನ್ನು ಜೋಡಿಸಿ ಮೇಲ್ಪದರ ಮಾಡುವುದು ಒಂದು. ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಸಾಲು ಸಾಲಾಗಿ ದಾರ ಓಡಿಸಿ ಹಿಡಿದಿಡುವುದು ಇನ್ನೊಂದು. ನಿಮ್ಮ ಪಕ್ಕದ ಮುಂಡಗೋಡ, ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಎಲ್ಲವೂ ಕೈಹೊಲಿಗೆ. ಆ ಕೌದಿಗಳನ್ನು ದೂರದೂರದವರು ಹುಡುಕಿ ಕೊಳ್ಳುವುದು ಕೈಯ ಗುರುತು ಇರುವುದರಿಂದಲೇ. ಆದ್ದರಿಂದ ನನ್ನ ಸಲಹೆ: ಜೋಡಣೆ ಮಷೀನಿಗೆ ಬಿಡಿ, ದಾರ ಓಡಿಸುವುದು ಕೈಯಲ್ಲೇ ಇರಲಿ. ಮನೆಬಳಕೆಯ ಮಷೀನಿನಲ್ಲಿ ಸೂಜಿಗೂ ಕಂಬಕ್ಕೂ ನಡುವೆ ಒಂದು ಗೇಣು ಜಾಗವೂ ಇರುವುದಿಲ್ಲ. ಇಬ್ಬರು ಹೊದೆಯುವ ಕೌದಿಯನ್ನು ಸುರುಳಿ ಸುತ್ತಿ ಅದರೊಳಗೆ ತೂರಿಸುವುದು ದೊಡ್ಡ ಪಡಿಪಾಟಲು.

ಹೀಗೆ ಅಂದುಕೊಂಡರೆ ಬೇಕಾದದ್ದು ತುಂಬ ಕಡಿಮೆ. ನೇರ ಹೊಲಿಗೆ ನೆಟ್ಟಗೆ ಬೀಳಬೇಕು. ಹೊಲಿಗೆಯ ಉದ್ದ ಹೆಚ್ಚು ಕಡಿಮೆ ಮಾಡಲು ಬರಬೇಕು. ಬಟ್ಟೆ ಒತ್ತುವ ಫುಟ್‌ನ ಬಿಗಿಯನ್ನು ಮೇಲಿನ ಸ್ಕ್ರೂನಿಂದ ಸಡಿಲಿಸಲು ಆಗಬೇಕು. ಹೂಬಳ್ಳಿ ಡಿಸೈನ್‌ಗಳು ಚಂದ ನಿಜ, ಆದರೆ ಅವನ್ನು ನೋಡಿ ಮಷೀನ್ ಕೊಂಡ ಎಷ್ಟೋ ಜನ ತಿಂಗಳೊಳಗೆ ನೇರ ಹೊಲಿಗೆಗೇ ವಾಪಸಾಗುತ್ತಾರೆ.

ಅಂಗಡಿಗೆ ಬರಿಗೈಲಿ ಹೋಗಬೇಡಿ. ಹಳೇ ಸೀರೆಯದೊಂದು, ಹೊಸ ಪಾಪ್ಲಿನ್‌ದೊಂದು, ಎರಡು ಅಡಿ ಉದ್ದದ ಪಟ್ಟಿ ಒಯ್ಯಿರಿ. ತುದಿಗೆ ತುದಿ ಕೂಡಿಸಿ, ಅಂಚಿನಿಂದ ಕಾಲು ಇಂಚು ಬಿಟ್ಟು ನೀವೇ ಹೊಲಿಯಿರಿ. ಕೆಳಗಿನ ಹಲ್ಲು ತನ್ನ ಕಡೆಯ ಬಟ್ಟೆಯನ್ನಷ್ಟೇ ಎಳೆದು, ಕೊನೆಗೆ ಮೇಲಿನ ಪಟ್ಟಿ ಉದ್ದವಾಗಿ ಉಳಿದರೆ ಫುಟ್ ಸಡಿಲಿಸಿ ಮತ್ತೆ ನೋಡಿ. ಆಮೇಲೆ ನಾಲ್ಕು ತುಂಡು ಕೂಡುವ ಮೂಲೆಯನ್ನು ದಾಟಿಸಿ. ಅಲ್ಲಿ ಬಟ್ಟೆ ಗಂಟಿನಂತೆ ದಪ್ಪವಾಗುತ್ತದೆ, ಸೂಜಿ ನಿಂತರೆ ಅಥವಾ ಹೊಲಿಗೆ ಹಾರಿದರೆ 14 ಅಥವಾ 16ನೇ ನಂಬರ್ ಸೂಜಿ ಹಾಕಿಸಿ ನೋಡಿ. ಆಗಲೂ ತೊಳಲಾಡುವ ಮಷೀನ್ ನಿಮಗಲ್ಲ. ಬಟ್ಟೆ ಹೊಲಿದು ನೋಡಲು ಬಿಡದ ಅಂಗಡಿಯಿಂದ ನಗುನಗುತ್ತಲೇ ಎದ್ದು ಬನ್ನಿ.

ತುಳಿಯುವ ಮಷೀನಿಗೆ ಮೋಟರ್ ಜೋಡಿಸಿಕೊಳ್ಳಬಹುದು. ಕರೆಂಟ್ ಹೋದಾಗ ಅದರ ಬೆಲ್ಟ್ ತೆಗೆದು ತುಳಿದರಾಯಿತು. ನಿಮ್ಮೂರಿನ ಬೇಸಿಗೆಗೆ ಇದೇ ವಾಸಿ, ನಾದಿನಿಯ ಮಾತಿನಲ್ಲಿ ಹುರುಳಿದೆ. ಊರಲ್ಲಿ ರಿಪೇರಿ ಮಾಡುವವರು ಯಾವ ಕಂಪನಿಯ ಬಿಡಿಭಾಗ ಸುಲಭವಾಗಿ ಸಿಗುತ್ತದೆ ಎನ್ನುತ್ತಾರೋ ಅದನ್ನೂ ಕೇಳಿ.

ಎಲ್ಲ ದುಡ್ಡನ್ನೂ ಮಷೀನಿಗೇ ಸುರಿಯಬೇಡಿ, ದಾರಕ್ಕೆ, ಅಸ್ತರಿಗೆ ಸ್ವಲ್ಪ ಉಳಿಸಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಉಂಟು. ಆದರೆ ಈಗಾಗಲೇ ಕಸುಬು ಮಾಡುತ್ತಿರುವವರಿಗೆ ಮಾತ್ರ, ಅದೂ ಮನೆಗೊಬ್ಬರಿಗೆ. ನಿಮಗೆ ಅನ್ವಯಿಸುತ್ತದೆಯೇ, ಈಗ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಿ. ಕೈ ಪಳಗಬೇಕೆನಿಸಿದರೆ ಜಿಲ್ಲೆಯ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಉಚಿತ ಹೊಲಿಗೆ ತರಬೇತಿ ಯಾವಾಗ ಎಂದು ಕೇಳಿಕೊಳ್ಳಿ.

ನಿದ್ದೆಯ ವಿಷಯ. ಇವತ್ತೇ ಅತ್ತೆಯ ಹತ್ತಿರ, ‘ನಿಮ್ಮ ರೊಕ್ಕ ಹಾಳಾದೀತು ಅಂತ ಹೆದರಿಕಿ ಆಗೇದ ನನಗ’ ಎಂದು ಬಾಯಿಬಿಟ್ಟು ಹೇಳಿ. ಮಷೀನ್ ಬಂದ ಮೇಲೂ ವಾರಗಟ್ಟಲೆ ನಿದ್ದೆ ಬಾರದೆ ಎದೆ ಡವಗುಡುತ್ತಿದ್ದರೆ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.