ಬಂದಿಳಿದ ಮೇಲೆ

ದೀಪಾವಳಿ ಮುಗಿಯಿತು. ಚಳಿ ಬಿತ್ತು. ನಮ್ಮ ಧುಪದಾಳ, ಗೋಕಾಕ, ಹುಕ್ಕೇರಿ ಕಡೆ ಕಬ್ಬಿನ ಹಂಗಾಮು ಶುರುವಾಯಿತು.

1897ರಲ್ಲಿ ಧುಪದಾಳದಲ್ಲಿ ಘಟಪ್ರಭಾ ನದಿಗೆ ಒಡ್ಡು ಕಟ್ಟಿದರು. ಕಾಲುವೆಯಲ್ಲಿ ನೀರು ಹರಿಯಿತು. ಆಮೇಲೆ ಹಿಡಕಲ್ ಅಣೆಕಟ್ಟೂ ಆಯಿತು. ನೀರು ಬಂದಲ್ಲಿ ಕಬ್ಬು ಬೆಳೆಯಿತು. ಕಬ್ಬು ಕಡಿಯಲು ದೂರದ ಜನ ಬರತೊಡಗಿದರು.

ಈಗ ರಸ್ತೆಯ ಮೇಲೆ ಟ್ರ್ಯಾಕ್ಟರುಗಳು ಬರುತ್ತವೆ. ಹಿಂದಿನ ಟ್ರೇಲರಿನಲ್ಲಿ ಇಡೀ ಸಂಸಾರ ಇರುತ್ತದೆ. ಜೋಳದ ಹಿಟ್ಟು, ರೊಟ್ಟಿ ಹಂಚು, ಕೊಡ, ಕೋಳಿ. ಕೌದಿಯೊಳಗೆ ಮಕ್ಕಳು. ವಿಜಯಪುರ ಜಿಲ್ಲೆಯವರು ಜಮಖಂಡಿ, ಮುಧೋಳ ದಾಟಿ ಬರುತ್ತಾರೆ. ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಮಹಾರಾಷ್ಟ್ರದ ಬೀಡ ಜಿಲ್ಲೆಯವರ ದಾರಿ ಇನ್ನೂ ದೂರ.

"ಯಾವೂರವ್ವಾ ನಿಮ್ದು?" ಅಂತ ನಾವು ಕೇಳುತ್ತೇವೆ.

"ದೂರ ಐತ್ರಿ ಅಕ್ಕಾರ. ರಾತ್ರಿಯೆಲ್ಲ ಚಳ್ಯಾಗ ಬಂದೇವ್ರಿ. ಅಂತೂ ಮುಟ್ಟಿದಿವಿ" ಅನ್ನುತ್ತಾರೆ.

ಹೊಲದ ಬದಿಗೆ ನಾಲ್ಕು ಗಳ ನೆಟ್ಟು ರವದಿ ಹೊದಿಸಿದರೆ ಗುಡಿಸಲು ಆಯಿತು. ಮೂರು ಕಲ್ಲು ಇಟ್ಟರೆ ಒಲೆ ಆಯಿತು. ಹಂಗಾಮು ಮುಗಿಯುವವರೆಗೆ ಇದೇ ಮನೆ.

ದಾರಿ ಮುಗಿಯಿತು. ಆದರೆ ಮೊದಲ ವಾರದಲ್ಲೇ ಮಾಡುವ ನಾಲ್ಕು ಕೆಲಸ ಉಳಿದಿವೆ. ಕಲಿತ ಅಕ್ಷರ ಇಲ್ಲಿ ಉಪಯೋಗಕ್ಕೆ ಬರುತ್ತದೆ.

1. ರೇಷನ್: ಕಾರ್ಡು ಊರಲ್ಲೇ ಬಿಟ್ಟು ಬರಬೇಡಿ. ಅದರ ನಂಬರು, ಆಧಾರ್ ಕಾರ್ಡು ಜೊತೆಗಿರಲಿ. 2022ರಿಂದ ದೇಶದ ಎಲ್ಲ ರಾಜ್ಯಗಳಲ್ಲೂ ಈ ಸೌಲಭ್ಯ ಇದೆ. ಕಾರ್ಡು ಯಾವ ಊರಿನದೇ ಇರಲಿ, ಇದ್ದ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟು ಧಾನ್ಯ ಪಡೆಯಬಹುದು.

2. ಅಂಗನವಾಡಿ: ಆರು ವರ್ಷದೊಳಗಿನ ಮಕ್ಕಳ ಹೆಸರು ಬರೆಸಿ. ಬಸುರಿ, ಬಾಣಂತಿಯರ ಹೆಸರೂ ಬರೆಸಿ. ತಾಯಿ ಕಾರ್ಡು ತೋರಿಸಿ. ಮಗುವಿನ ಲಸಿಕೆ ತಪ್ಪಬಾರದು.

3. ಶಾಲೆ: 6ರಿಂದ 14 ವರ್ಷದ ಮಗುವಿಗೆ ಶಾಲೆ ಹಕ್ಕು. ಇದು 2009ರ ಕಾಯ್ದೆ. ನಡುವರ್ಷ ಬಂದರೂ ಸೇರಿಸಿಕೊಳ್ಳಬೇಕು. ಹಳೇ ಶಾಲೆಯ ದಾಖಲೆ ಬರುವುದು ತಡವಾದರೂ "ಬ್ಯಾಡ" ಅನ್ನುವಂತಿಲ್ಲ. ಗುಡಿಸಲು ಕಾಯಲು, ತಮ್ಮನನ್ನು ಎತ್ತಿಕೊಳ್ಳಲು ಮಗಳನ್ನು ಬಿಡಿಸಬೇಡಿ. ಐದು ತಿಂಗಳು ಬಿಟ್ಟ ಮಗಳು ಮತ್ತೆ ಶಾಲೆ ಹತ್ತುವುದು ಕಷ್ಟ.

4. ಲೆಕ್ಕ: ಇದು ಬಹಳ ಮುಖ್ಯ. ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ ಅನ್ನುತ್ತಾರೆ. ಗಂಡ ಕಬ್ಬು ಕಡಿಯುತ್ತಾನೆ. ಹೆಂಡತಿ ಸೋಗೆ ಸವರುತ್ತಾಳೆ, ಹೊರೆ ಕಟ್ಟುತ್ತಾಳೆ, ತಲೆಯ ಮೇಲೆ ಹೊತ್ತು ಟ್ರೇಲರಿಗೆ ಏರಿಸುತ್ತಾಳೆ. ದುಡಿಮೆ ಇಬ್ಬರದು. ಪುಸ್ತಕದಲ್ಲಿ ಸಾಮಾನ್ಯವಾಗಿ ಗಂಡನ ಹೆಸರೊಂದೇ ಇರುತ್ತದೆ.

ಮುಂಗಡ ಹಣ ಮೊದಲೇ ತಂದಿರುತ್ತಾರೆ. ಅದು ದುಡಿಮೆಯಲ್ಲಿ ತೀರಬೇಕು. ಒಂದು ಲೆಕ್ಕ ಮಾಡೋಣ. ಮುಂಗಡ 30,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಟನ್ನಿಗೆ ಕೂಲಿ 300 ರೂಪಾಯಿ. ನಮ್ಮ ಜೋಡಿಯ ಪಾಲಿಗೆ ದಿನಕ್ಕೆ 2 ಟನ್.

2 × 300 = 600
30,000 ÷ 600 = 50

ಅಂದರೆ 50 ದಿನದ ದುಡಿಮೆಗೆ ಮುಂಗಡ ತೀರಿತು. 51ನೇ ದಿನದ ಕೂಲಿ ನಮ್ಮ ಕೈಗೆ ಬರಬೇಕು. ಬರೆದಿಡದಿದ್ದರೆ 50 ದಿನ ಆದದ್ದೇ ತಿಳಿಯುವುದಿಲ್ಲ. "ಇನ್ನೂ ಬಾಕಿ ಐತಿ" ಅಂದರೆ ನಾವು ಏನು ಹೇಳೋಣ?

ಅದಕ್ಕೇ ಒಂದು ಸಣ್ಣ ನೋಟ್‌ಬುಕ್ ಇಡಿ. ದಿನಾ ರಾತ್ರಿ ಬರೆಯಿರಿ: ತಾರೀಖು, ಎಷ್ಟು ಟನ್, ಖರ್ಚಿಗೆ ಪಡೆದ ಹಣ. ಹಾಸಿಗೆ ಹಿಡಿದ ದಿನವನ್ನೂ ಬರೆಯಿರಿ. ಕಾಟಾದ ತೂಕದ ಚೀಟಿ ನೋಡಲು ಕೇಳಿ. ವಾರಕ್ಕೊಮ್ಮೆ ಮುಕಾದಮನ ಪುಸ್ತಕದ ಜೊತೆ ಹೊಂದಿಸಿ ನೋಡಿ. ಸಾಲ ತೀರಲಿಲ್ಲ ಅಂತ ಒತ್ತಾಯದಿಂದ ದುಡಿಸುವುದು ಜೀತ. ಅದನ್ನು 1976ರ ಕಾಯ್ದೆ ರದ್ದು ಮಾಡಿದೆ. ಅಂಥದ್ದು ನಡೆದರೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು.

ಇನ್ನು ನಾವು ಊರಿನವರು ಏನು ಮಾಡಬೇಕು? ಧುಪದಾಳದ ಹಿನ್ನೀರಿಗೆ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬರುತ್ತವೆ. 1974ರಲ್ಲಿ ಅದು ಪಕ್ಷಿಧಾಮವಾಯಿತು. ಹಕ್ಕಿಗೆ ಇಲ್ಲಿ ರಕ್ಷಣೆ ಇದೆ. ದುಡಿಯಲು ಬಂದ ತಾಯಿ ಮಕ್ಕಳಿಗೂ ಬೇಕಲ್ಲವೆ? ಕುಡಿಯುವ ನೀರಿನ ನಳ ತೋರಿಸೋಣ. ಶಾಲೆಗೆ, ಅಂಗನವಾಡಿಗೆ ಜೊತೆಯಲ್ಲಿ ಹೋಗೋಣ. ಕಾಲುವೆ ಎಲ್ಲಿ ಆಳ ಇದೆ ಅಂತ ಅವರ ಮಕ್ಕಳಿಗೆ ಹೇಳೋಣ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಬಂದಾಗ ನಮ್ಮ ಕಡೆಯ ಎಷ್ಟೋ ಜನ ಮನೆ ಬಿಟ್ಟು ಬೇರೆ ಕಡೆ ಇದ್ದರು. ಆಗ ಒಂದು ಹೊದಿಕೆ, ಒಂದು ರೊಟ್ಟಿ ಎಷ್ಟು ದೊಡ್ಡದು ಅನ್ನುವುದು ನಮಗೆ ಗೊತ್ತಿದೆ.

ಓದಿ ಹೇಳಿ: ಹಂಗಾಮು, ಮುಂಗಡ, ಕೊಯ್ತಾ, ಹಕ್ಕು.

ಉತ್ತರ ಹೇಳಿ:
1. ಕಬ್ಬು ಕಡಿಯುವ ಕೆಲಸದಲ್ಲಿ ಹೆಂಡತಿ ಏನೇನು ಮಾಡುತ್ತಾಳೆ?
2. ಬೇರೆ ಊರಿನ ಕಾರ್ಡಿಗೆ ಇಲ್ಲಿ ರೇಷನ್ ಸಿಗುತ್ತದೆಯೆ?

ಲೆಕ್ಕ ಮಾಡಿ: ಮುಂಗಡ 24,000 ರೂಪಾಯಿ. ದಿನದ ಕೂಲಿ 600. ಎಷ್ಟು ದಿನಕ್ಕೆ ತೀರುತ್ತದೆ?

ಬರೆಯಿರಿ: ನಿಮ್ಮ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಮೊದಲು ನಿಮ್ಮ ಹೆಸರು ಬರೆಯಿರಿ.