ಊರಿನ ರೇಶನ್ ಕಾರ್ಡು ಇಲ್ಲಿಯೂ ನಡೆಯುತ್ತದೆ

ತುರ್ಭೆಯ ಕಡೆ ಕಟ್ಟಡದ ಕೆಲಸ ಮಾಡುವ ಯಾದಗಿರಿ ಜಿಲ್ಲೆಯ ತಾಯಿಯೊಬ್ಬರು ಮಗನ ಶಾಲೆಯ ಅರ್ಜಿ ತುಂಬಿಸಲು ನಮ್ಮ ವಾಚನಾಲಯಕ್ಕೆ ಬಂದಿದ್ದರು. ಕೂಲಿಯ ದೊಡ್ಡ ಪಾಲು ಅಕ್ಕಿ-ಗೋಧಿಗೇ ಹೋಗುತ್ತದೆ, ಬೇಳೆ-ಪಲ್ಯಕ್ಕೆ ಉಳಿಯುವುದಿಲ್ಲ ಎಂದರು. ರೇಶನ್ ಕಾರ್ಡು ಎಲ್ಲಿದೆ ಎಂದು ಕೇಳಿದೆವು. "ಊರಾಗ ಅತ್ತಿ ಹತ್ರ ಐತ್ರೀ. ಇಲ್ಲಿ ಯಾರ್ ಕೊಡ್ತಾರ?" ಎಂದರು.

ನಮ್ಮ ಜನರಲ್ಲಿ ಹಲವರ ತಿಳಿವಳಿಕೆ ಇದೇ. ಆದರೆ 2020ರ ಜನವರಿ 1ರಿಂದಲೇ ಕರ್ನಾಟಕ, ಮಹಾರಾಷ್ಟ್ರ ಸೇರಿ 12 ರಾಜ್ಯಗಳಲ್ಲಿ ಒಂದು ರಾಜ್ಯದ ಕಾರ್ಡು ಇನ್ನೊಂದರಲ್ಲಿ ನಡೆಯತೊಡಗಿತು. ಈಗ ಇದು ದೇಶಕ್ಕೆಲ್ಲ ಅನ್ವಯ. ಕಾರ್ಡು ಕೈಯಲ್ಲಿರಬೇಕೆಂದೂ ಇಲ್ಲ. ಅದಕ್ಕೆ ಆಧಾರ್ ಜೋಡಣೆಯಾಗಿದ್ದರೆ, ಹತ್ತಿರದ ನ್ಯಾಯಬೆಲೆ ಅಂಗಡಿಯಲ್ಲಿ ಕಾರ್ಡಿನ ಇಲ್ಲವೆ ಆಧಾರಿನ ನಂಬರು ಹೇಳಿ ಹೆಬ್ಬೆಟ್ಟು ಒತ್ತಿದರೆ ಸಾಕು.

ಸಿಗುವುದೆಷ್ಟು? 2013ರ ಆಹಾರ ಭದ್ರತೆ ಕಾಯಿದೆಯಂತೆ ಆದ್ಯತಾ (ಬಿ.ಪಿ.ಎಲ್.) ಕಾರ್ಡಿನಲ್ಲಿ ತಲೆಗೆ ತಿಂಗಳಿಗೆ 5 ಕಿಲೊ, ಅಂತ್ಯೋದಯ ಕಾರ್ಡಿನಲ್ಲಿ ಮನೆಗೆ 35 ಕಿಲೊ. 2023ರ ಜನವರಿಯಿಂದ ಇದಕ್ಕೆ ಹಣ ಕೊಡಬೇಕಾಗಿಲ್ಲ. ನಮ್ಮ ರಾಜ್ಯ ಸರಕಾರ ಬೇರೆಯಾಗಿ ಕೊಡುವ ಹೆಚ್ಚಿನ ಪಾಲು ಮಾತ್ರ ಇಲ್ಲಿ ದೊರೆಯದು.

ಇಲ್ಲೊಂದು ಎಚ್ಚರಿಕೆ ಬೇಕು. ಆ ತಾಯಿಯ ಕಾರ್ಡಿನಲ್ಲಿ ಐದು ಹೆಸರು, ಅಂದರೆ 25 ಕಿಲೊ. ನಾಲ್ವರು ಇಲ್ಲಿ, ಅತ್ತೆ ಊರಿನಲ್ಲಿ. ಇಲ್ಲಿಯೇ 25 ಕಿಲೊ ಎತ್ತಿಬಿಟ್ಟರೆ ಮುದುಕಿಗೆ ಆ ತಿಂಗಳ ಪಾಲಿಲ್ಲ. ಇಲ್ಲಿ 20 ಕಿಲೊ ಮಾತ್ರ ಪಡೆದರೆ ಉಳಿದ 5 ಕಿಲೊವನ್ನು ಆಕೆ ಊರಿನಲ್ಲೇ ಪಡೆಯಬಹುದು. ಆದುದರಿಂದ ಮೊದಲು ಮನೆಯವರೊಡನೆ ಮಾತಾಡಿಕೊಳ್ಳಬೇಕು.

ಅಕ್ಕಿ-ಗೋಧಿಯೊಂದೇ ಆಹಾರವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 2000 ಕ್ಯಾಲೊರಿಯ ಊಟಕ್ಕೆ ಹೇಳುವುದು: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ. ಧಾನ್ಯ ತಿಂಗಳಿಗೆ ಏಳೂವರೆ ಕಿಲೊ ಆಯಿತು. ಅದರಲ್ಲಿ 5 ಕಿಲೊ ರೇಶನ್ನಿನಿಂದ ಬಂದರೆ ಮೂರರಲ್ಲಿ ಎರಡು ಪಾಲು ಬಂದಂತೆ. ಮೈಮುರಿದು ದುಡಿಯುವವರಿಗೆ ಇನ್ನೂ ಹೆಚ್ಚು ಬೇಕು, ನಿಜ. ಆದರೂ ಉಳಿದ ಹಣ ಹೆಸರುಕಾಳು, ಸೊಪ್ಪಿನ ಕಡೆ ತಿರುಗಲಿ. ನಮ್ಮ ಪುಂಡಿಪಲ್ಯವೇ ಇಲ್ಲಿನ ಸಂತೆಯ ಅಂಬಾಡಿ, ನಮ್ಮ ನುಗ್ಗೆಯೇ ಇಲ್ಲಿನ ಶೇವಗಾ. ಹೆಸರು ತಿಳಿಯದೆ ನಮ್ಮವರು ಬುಟ್ಟಿಯ ಮುಂದಿನಿಂದಲೇ ಹಾಯ್ದುಹೋಗುವುದನ್ನು ಕಂಡಿದ್ದೇವೆ.

ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೂ ಗರ್ಭಿಣಿ-ಬಾಣಂತಿಯರಿಗೂ ಅಂಗನವಾಡಿಯ ಆಹಾರ ಅದೇ ಕಾಯಿದೆಯಂತೆ ಹಕ್ಕು, ಯಾರ ಉಪಕಾರವೂ ಅಲ್ಲ.

ಅಂಗಡಿಯವರು "ಬೇರೆ ರಾಜ್ಯದ ಕಾರ್ಡು" ಎಂದು ಹಿಂದಕ್ಕೆ ಕಳಿಸಿದರೆ ಜಗಳಕ್ಕೆ ನಿಲ್ಲಬೇಡಿ. 14445ಕ್ಕೆ ಫೋನು ಮಾಡಿ ಹೇಳಿರಿ. ಮರಾಠಿ-ಹಿಂದಿ ಬಾರದವರು ವಾಚನಾಲಯಕ್ಕೆ ಬರಲಿ, ನಾವು ಜೊತೆಗೆ ಹೋಗುತ್ತೇವೆ.

ಆ ತಾಯಿ ಇಲ್ಲಿಯೇ ಕುಳಿತು ಅತ್ತೆಗೆ ಫೋನು ಹಚ್ಚಿದರು. ಮೊದಲು ಹೇಳಿದ ಮಾತು: "ನಿನ್ನ ಐದ್ ಕಿಲೊ ಅಲ್ಲೇ ಬಿಡ್ತೀವಿ, ಚಿಂತಿ ಮಾಡಬ್ಯಾಡ." ಓದಿದವರು ಈ ಸಂಗತಿಯನ್ನು ಓದು ಬಾರದ ಒಬ್ಬರಿಗಾದರೂ ತಿಳಿಸಬೇಕೆಂದು ನಮ್ಮ ಅರಿಕೆ.