ಚಿತ್ರವು ತಡವರಿಸುವುದೇಕೆ?

ಅಂತರಜಾಲದಲ್ಲಿ ಪಾಠವನ್ನೋ ಚಲಚ್ಚಿತ್ರವನ್ನೋ ನೋಡುತ್ತಿರುವಾಗ ಚಿತ್ರವು ಮುಗ್ಗರಿಸಿ, ನಿಂತು ನಿಂತು ಸಾಗುವುದನ್ನು ಕಾಣದವರು ವಿರಳ. ಕೂಡಲೇ "ಗ್ರಾಫಿಕ್ಸ್ ಕಾರ್ಡು ಹಳತಾಯಿತು, ಹೊಸದನ್ನು ತನ್ನಿರಿ" ಎಂದು ಸಲಹೆಯೀಯುವವರು ಮಾತ್ರ ಬಹುಮಂದಿ. ಆ ಕಾರ್ಡಿನ ಬೆಲೆಯಾದರೋ ಅನೇಕ ಮನೆಗಳಲ್ಲಿ ಒಂದು ತಿಂಗಳ ದಿನಸಿಯ ವೆಚ್ಚವನ್ನು ಮೀರುವುದು. ಆದುದರಿಂದ ಹಣ ತೆರುವ ಮುನ್ನ ತೊಡಕು ಎಲ್ಲಿರುವುದೆಂದು ಅರಿಯಬೇಡವೆ?

ಚಲಿಸುವ ಚಿತ್ರವೆಂದರೆ ಬೇಗಬೇಗನೆ ತೋರಿಸುವ ನಿಶ್ಚಲ ಚಿತ್ರಗಳ ಸಾಲಷ್ಟೆ. ತೆರೆಯ ಅಗಲಕ್ಕೆ 1920, ಎತ್ತರಕ್ಕೆ 1080ರಂತೆ ಒಂದೊಂದು ಚಿತ್ರದಲ್ಲಿಯೂ 20,73,600 ಬಿಂದುಗಳಿರುವುವು. ಬಿಂದುವಿಗೆ 3 ಬೈಟುಗಳಂತೆ ಸೆಕೆಂಡಿಗೆ 30 ಚಿತ್ರಗಳನ್ನು ತೋರಿಸಲು 18,66,24,000 ಬೈಟುಗಳು ಬೇಕು! ನಮ್ಮ ಮನೆಗಳ ಸಂಪರ್ಕದಲ್ಲಿ ಸಾಧಾರಣವಾಗಿ ಅಷ್ಟು ಹರಿಯಲಾರದು. ಅದಕ್ಕೆಂದೇ ಕಳುಹಿಸುವವರು ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನು ಬಹುಮಟ್ಟಿಗೆ ಉಳಿಸಿಕೊಂಡು, ಮೂಟೆಯನ್ನು ನೂರಾರು ಪಟ್ಟು ಕುಗ್ಗಿಸುವರು. ಬಂದ ಮೂಟೆಯನ್ನು ಬಿಚ್ಚಿ, ಚಿತ್ರಗಳನ್ನು ಮರಳಿ ಕಟ್ಟಿ, ತಕ್ಕ ಕ್ಷಣದಲ್ಲಿ ತೆರೆಗೆ ಒಪ್ಪಿಸುವುದು ಗಣಕದ ಕೆಲಸ. ಸಾಗಣೆ, ಬಿಚ್ಚುವಿಕೆ, ಪ್ರದರ್ಶನ—ಈ ಮೂರರಲ್ಲಿ ಎಲ್ಲಿಯಾದರೂ ತಡೆಯುಂಟಾಗಬಹುದು.

ಚಿತ್ರದೊಡನೆ ಧ್ವನಿಯೂ ನಿಂತು, ತೆರೆಯ ನಡುವೆ ಚಕ್ರವೊಂದು ಸುತ್ತತೊಡಗಿದರೆ ಸಾಗಣೆಯನ್ನು ಶಂಕಿಸಿರಿ. ಒಂದೇ ಕಟ್ಟಡದಲ್ಲಿ ಹತ್ತಾರು ಮನೆಗಳಿರುವ ನಗರಗಳಲ್ಲಿ ಇದೇ ಹೆಚ್ಚು. ವೈಫೈಯ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು 1, 6, 11 ಎಂಬ ಮೂರೇ. ನೆರೆಹೊರೆಯವರೆಲ್ಲರೂ ಅವುಗಳಲ್ಲಿಯೇ ನುಗ್ಗಬೇಕು. ಗಣಕಕ್ಕೆ ತಂತಿಯನ್ನು ಜೋಡಿಸಿ ನೋಡಿರಿ. ಅದಾಗದಿದ್ದರೆ 5 ಗಿಗಾಹರ್ಟ್ಸಿಗೆ ಬದಲಿಸಿರಿ. ಇಲ್ಲಿ ಕಾರ್ಡಿನ ತಪ್ಪು ಎಳ್ಳಷ್ಟೂ ಇಲ್ಲ.

ಧ್ವನಿಯು ಸರಾಗವಾಗಿ ಸಾಗುತ್ತಿದ್ದು, ಚಿತ್ರ ಮಾತ್ರ ನೆಗೆನೆಗೆದು ಬರುತ್ತಿದ್ದರೆ ಬಿಚ್ಚುವ ಕೆಲಸ ಹಿಂದೆ ಬಿದ್ದಿದೆಯೆಂದು ತಿಳಿಯಬಹುದು. ಕುಗ್ಗಿಸುವ ಕ್ರಮಗಳು ಹಲವು: ಎಚ್.264 ಎಂಬುದು 2003ರದು, ವಿಪಿ9 2013ರದು, ಎವಿ1 2018ರದು. ಹಳೆಯ ಕಾರ್ಡಿನಲ್ಲಿ ಹೊಸ ಕ್ರಮಕ್ಕೆ ಬೇಕಾದ ಮಂಡಲವಿರದು. ಆಗ ಭಾರವೆಲ್ಲ ಮುಖ್ಯ ಸಂಸ್ಕಾರಕದ ಮೇಲೆ ಬೀಳುವುದು. ಬ್ರೌಸರಿನಲ್ಲಿ ಹಾರ್ಡ್‌ವೇರ್ ಆಕ್ಸಲರೇಷನ್ ಎಂಬುದು ಆರಿಸಿದ್ದರೂ ಫಲ ಅದೇ. ಮೊದಲು ಅದನ್ನು ಹೊತ್ತಿಸಿರಿ, ಡ್ರೈವರನ್ನು ನವೀಕರಿಸಿರಿ, 1080ರ ಬದಲು 720ನ್ನು ಆರಿಸಿರಿ. ಆಗ ಬಿಂದುಗಳು 9,21,600ಕ್ಕೆ, ಅಂದರೆ ಅರ್ಧಕ್ಕಿಂತಲೂ ಕೆಳಗೆ ಇಳಿಯುವುವು. ಪುಕ್ಕಟೆಯ ಔಷಧವಲ್ಲವೆ!

ಇನ್ನು, ಎರಡು ತೆರೆಗಳನ್ನು ಹೂಡಿದುದರಿಂದಲೇ ಕಾರ್ಡು ಬಳಲಿತೆಂಬ ಮಾತು. ಬಿಂದುವಿಗೆ 4 ಬೈಟುಗಳೆಂದರೂ ಮೇಲೆ ಹೇಳಿದ ಗಾತ್ರದ ಒಂದು ತೆರೆಗೆ ಬೇಕಾದ ಸ್ಮೃತಿ 82,94,400 ಬೈಟುಗಳು. ಇದು ಕಾರ್ಡಿಗೆ ಕಡಲಲ್ಲಿ ಬೊಗಸೆಯಷ್ಟು. ಓದು ಬರಹಗಳಿಗೆ ಸಂಸ್ಕಾರಕದೊಳಗೇ ಅಡಕವಾಗಿರುವ ಗ್ರಾಫಿಕ್ಸ್ ಸಾಮಾನ್ಯವಾಗಿ ಸಾಕು. ಕಾರ್ಡು ಇದ್ದೂ ತೆರೆಯ ತಂತಿಯನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿರುವವರನ್ನು ಕಂಡರೆ ಮಾತ್ರ ನಗು ಬರುವುದು; ಕೊಂಡ ಕಾರ್ಡು ಕೈಕಟ್ಟಿ ಕುಳಿತಿರುವುದು! 4ಕೆ ತೆರೆಯಾದರೆ ತಂತಿ ಮತ್ತು ಕಿಂಡಿಗಳನ್ನೂ ನೋಡಬೇಕು. ಎಚ್‌ಡಿಎಂಐ 1.4ರಲ್ಲಿ ಅದು ಸೆಕೆಂಡಿಗೆ 30 ಸಲಕ್ಕಿಂತ ಹೆಚ್ಚು ಬದಲಾಗದು, 60ಕ್ಕೆ 2.0 ಬೇಕು.

ಸಿನಿಮಾದ 24 ಚಿತ್ರಗಳನ್ನು 60ರ ತೆರೆಯಲ್ಲಿ ತೋರಿಸುವಾಗ ಒಂದು ಚಿತ್ರ 2 ಸಲ, ಮರುಚಿತ್ರ 3 ಸಲ ನಿಲ್ಲುವುದು. ಆ ಸಣ್ಣ ಕುಲುಕು ರೋಗವಲ್ಲ, ಬರಿಯ ಲೆಕ್ಕಾಚಾರ.

ಇಷ್ಟಾದ ಮೇಲೂ ಕಾರ್ಡನ್ನು ಕೊಳ್ಳಲೇಬೇಕಾದರೆ, ಅದು ಒಮ್ಮೆಗೇ ಎಷ್ಟು ತೆರೆಗಳನ್ನು ನಡೆಸಬಲ್ಲದೆಂದು ಅಂಗಡಿಯವನನ್ನು ಕೇಳಿರಿ. ಹಿಂಬದಿಯ ಕಿಂಡಿಗಳನ್ನು ಎಣಿಸಿದರೆ ಸಾಲದು. ಕೆಲವು ಹಳೆಯ ಕಾರ್ಡುಗಳಲ್ಲಿ ಕಿಂಡಿ ಮೂರಿದ್ದರೂ ಒಟ್ಟಿಗೆ ಬೆಳಗುವುವು ಎರಡೇ ತೆರೆಗಳು.